ಕ್ರೆಡಿಟ್ ವರ್ಗಾವಣೆ ಮತ್ತು ಪತ್ರಿಕೆಗಳ ತತ್ಸಮಾನತೆ: ಗಡಿನಾಡ ವಿದ್ಯಾರ್ಥಿಗಳು ತಿಳಿದಿರಬೇಕಾದ ಕ್ರಮ

ಕಾಸರಗೋಡಿನಿಂದ ಮಂಗಳೂರಿಗೆ, ಅಕ್ಕಲಕೋಟೆಯಿಂದ ಕಲಬುರಗಿಗೆ, ಹೊಸೂರಿನಿಂದ ಬೆಂಗಳೂರಿಗೆ ಪದವಿ ವ್ಯಾಸಂಗದ ನಡುವೆಯೇ ಕಾಲೇಜು ಬದಲಿಸುವ ಮಕ್ಕಳಿದ್ದಾರೆ. ಕಾರಣ ಉದ್ಯೋಗವಿರಬಹುದು, ಮದುವೆಯಿರಬಹುದು, ಕನ್ನಡದಲ್ಲಿ ಓದುವ ಆಸೆಯಿರಬಹುದು. ಹಾಗೆ ಹೋದವರು ಈಗಾಗಲೇ ತೇರ್ಗಡೆಯಾದ ಪತ್ರಿಕೆಗಳು ಹೊಸ ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಕ್ಕೆ ಬರುತ್ತವೆಯೇ ಎಂಬುದನ್ನು ತೀರ್ಮಾನಿಸುವ ದಾಖಲೆಯೇ ತತ್ಸಮಾನತಾ ಕೋಷ್ಟಕ. ಹಿಂದೆ ಇದು ಕಚೇರಿಯ ಕಡತದಲ್ಲಿರುತ್ತಿತ್ತು; ಈಗ ಗಣಕದ ತಂತ್ರಾಂಶಕ್ಕೆ ಸೇರುತ್ತಿದೆ. ಅದು ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಅರಿತರೆ ಮಾತ್ರ ನಮ್ಮ ಮಕ್ಕಳ ಪರವಾಗಿ ಸಕಾಲದಲ್ಲಿ ಕೇಳಲು ಸಾಧ್ಯ.

ಕ್ರೆಡಿಟ್ ಬ್ಯಾಂಕ್: ಸಾಧ್ಯತೆ ಮತ್ತು ಮಿತಿ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು (ಯುಜಿಸಿ) 2021ರ ಜುಲೈಯಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕುರಿತ ನಿಯಮಾವಳಿಯನ್ನು ಪ್ರಕಟಿಸಿತು. ಬ್ಯಾಂಕಿನಲ್ಲಿ ಹಣ ಜಮೆಯಾಗುವಂತೆ ಇಲ್ಲಿ ವಿದ್ಯಾರ್ಥಿಯ ಖಾತೆಗೆ ಕ್ರೆಡಿಟ್‌ಗಳು ಜಮೆಯಾಗುತ್ತವೆ. ಖಾತೆಯನ್ನು ಡಿಜಿಲಾಕರ್ ಮೂಲಕ ತೆರೆಯಬಹುದು. 12 ಅಂಕೆಗಳ ಗುರುತುಸಂಖ್ಯೆ ದೊರೆಯುತ್ತದೆ. 2021–22ನೆಯ ಶೈಕ್ಷಣಿಕ ವರ್ಷದಿಂದ ಈಚೆಗೆ ಗಳಿಸಿದ ಕ್ರೆಡಿಟ್‌ಗಳಿಗೆ ಮಾತ್ರ ಇದು ಅನ್ವಯ. ಅವುಗಳ ಬಾಳಿಕೆ ಗರಿಷ್ಠ 7 ವರ್ಷ. ಪದವಿ ನೀಡುವ ಸಂಸ್ಥೆಯಲ್ಲಿಯೇ ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಗಳಿಸಿರಬೇಕೆಂದು ಆ ನಿಯಮಾವಳಿ ಹೇಳುತ್ತದೆ.

ಎರಡು ಸಂಗತಿಗಳನ್ನು ಹೆತ್ತವರು ಮರೆಯಬಾರದು. ಒಂದು, ವಿದ್ಯಾರ್ಥಿಯು ನೇರವಾಗಿ ಸಲ್ಲಿಸುವ ಅಂಕಪಟ್ಟಿಯನ್ನು ಈ ಬ್ಯಾಂಕ್ ಸ್ವೀಕರಿಸುವುದಿಲ್ಲ. ಸಂಸ್ಥೆಯೇ ಅದನ್ನು ಏರಿಸಬೇಕು. ಎರಡು, ಕ್ರೆಡಿಟ್ ಜಮೆಯಾದ ಮಾತ್ರಕ್ಕೆ ಹೊಸ ಕಾಲೇಜು ಅದನ್ನು ಇಂಥದೇ ಪತ್ರಿಕೆಗೆ ಸಮವೆಂದು ಒಪ್ಪಿದಂತಾಗುವುದಿಲ್ಲ. ಖಾತೆಯಲ್ಲಿ ನಾಣ್ಯವಿದ್ದರೂ ಅದರ ವಿನಿಮಯದರವನ್ನು ನಿಗದಿಪಡಿಸುವುದು ಸೇರಿಸಿಕೊಳ್ಳುವ ವಿಶ್ವವಿದ್ಯಾನಿಲಯ.

ಎರಡು ರಾಜ್ಯ, ಎರಡು ಚೌಕಟ್ಟು

ಕೇರಳವು 2024–25ರಿಂದ ನಾಲ್ಕು ವರ್ಷಗಳ ಪದವಿಕ್ರಮವನ್ನು ಜಾರಿಗೆ ತಂದಿತು. ಅದೇ ವರ್ಷ ಕರ್ನಾಟಕವು ನಾಲ್ಕು ವರ್ಷದ ಕ್ರಮವನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ಕಣ್ಣೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿರುವ ಕಾಸರಗೋಡಿನ ವಿದ್ಯಾರ್ಥಿಯೂ ಮಂಗಳೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೂ ಒಂದೇ ಸೆಮಿಸ್ಟರಿನಲ್ಲಿದ್ದರೂ ಅವರ ಪತ್ರಿಕೆಗಳ ವಿಂಗಡಣೆ, ಹೆಸರು, ಕ್ರೆಡಿಟ್ ಒಂದೇ ಆಗಿರುವುದಿಲ್ಲ. ಇಲ್ಲಿ ಹೆಸರನ್ನು ನೋಡಿ ಸಮೀಕರಿಸುವುದು ಅಪಾಯಕಾರಿ, ಪಠ್ಯವಸ್ತುವನ್ನೇ ನೋಡಬೇಕು.

ಕೋಷ್ಟಕವನ್ನು ರಚಿಸುವ ಕ್ರಮ

ತಂತ್ರಾಂಶ ಯಾವುದೇ ಇರಲಿ, ತುಂಬಬೇಕಾದ ವಿವರಗಳು ಹೆಚ್ಚುಕಡಿಮೆ ಇವು:

1. ಮೂಲ ವಿಶ್ವವಿದ್ಯಾನಿಲಯದ ಹೆಸರು, ಪತ್ರಿಕೆಯ ಸಂಕೇತ ಮತ್ತು ಯಾವ ವರ್ಷದ ಪಠ್ಯಕ್ರಮ ಎಂಬುದು. ಪಠ್ಯಕ್ರಮ ಪರಿಷ್ಕೃತವಾದರೂ ಹಳೆಯ ಸಂಕೇತವೇ ಮುಂದುವರಿಯುವುದುಂಟು. ವರ್ಷ ನಮೂದಿಸದಿದ್ದರೆ ತಪ್ಪು ಹೊಂದಾಣಿಕೆಯಾಗುತ್ತದೆ.

2. ಬೋಧನಾವಧಿ. ಯುಜಿಸಿಯ ಚೌಕಟ್ಟಿನಂತೆ 1 ಕ್ರೆಡಿಟ್ ಎಂದರೆ 15 ಗಂಟೆಗಳ ಉಪನ್ಯಾಸ ಅಥವಾ 30 ಗಂಟೆಗಳ ಪ್ರಾಯೋಗಿಕ ಕಾರ್ಯ. 4 ಕ್ರೆಡಿಟ್‌ನ ಪತ್ರಿಕೆಯಲ್ಲಿ 3 ಉಪನ್ಯಾಸಕ್ಕೂ 1 ಪ್ರಯೋಗಕ್ಕೂ ಸೇರಿದ್ದರೆ ಅದನ್ನು ಬಿಡಿಸಿ ಬರೆಯಬೇಕು.

3. ಸಂಬಂಧದ ಬಗೆ. ಒಂದು ಪತ್ರಿಕೆಗೆ ಒಂದು, ಎರಡಕ್ಕೆ ಒಂದು, ಒಂದಕ್ಕೆ ಎರಡು ಎಂದು ಸಂಬಂಧ ಮೂರು ಬಗೆಯದಾಗಬಹುದು. ಎರಡು ಸೇರಿ ಒಂದಕ್ಕೆ ಸಮವಾಗುವಾಗ ಎರಡೂ ತೇರ್ಗಡೆಯಾಗಿರಬೇಕೆಂಬ ನಿಬಂಧನೆಯನ್ನು ಸ್ಪಷ್ಟವಾಗಿ ದಾಖಲಿಸಬೇಕು.

4. ಉಳಿಕೆ ಕ್ರೆಡಿಟ್. 4 ಕ್ರೆಡಿಟ್‌ನ ಪತ್ರಿಕೆಯನ್ನು 3 ಕ್ರೆಡಿಟ್‌ನದಕ್ಕೆ ಸಮೀಕರಿಸಿದರೆ ಉಳಿದ 1 ಕ್ರೆಡಿಟ್ ಏನಾಗುತ್ತದೆ? ಐಚ್ಛಿಕ ಕ್ರೆಡಿಟ್ ಆಗಿ ಸೇರುವುದೋ, ಬಿಟ್ಟುಹೋಗುವುದೋ ಎಂಬ ನಿಯಮ ಕೋಷ್ಟಕದಲ್ಲೇ ಇರಬೇಕು. ನೇರ ಸಮಾನ ಪತ್ರಿಕೆ ಇಲ್ಲದಾಗಲೂ 'ಐಚ್ಛಿಕ' ಎಂದು ಒಪ್ಪುವ ಅವಕಾಶವಿದ್ದರೆ ವಿದ್ಯಾರ್ಥಿಯ ಶ್ರಮ ವ್ಯರ್ಥವಾಗುವುದಿಲ್ಲ.

5. ಅನುಮೋದನೆ ಮತ್ತು ಅವಧಿ. ಆಯಾ ವಿಷಯದ ಅಧ್ಯಯನ ಮಂಡಳಿಯ ಅಭಿಪ್ರಾಯ, ಸಕ್ಷಮ ಪ್ರಾಧಿಕಾರದ ಒಪ್ಪಿಗೆ, ಜಾರಿಯಾದ ದಿನಾಂಕ, ಮುಗಿಯುವ ದಿನಾಂಕ ಇವು ನಮೂದಾಗಿರಬೇಕು.

ಕಡತದ ತೀರ್ಮಾನ ಒಬ್ಬ ವಿದ್ಯಾರ್ಥಿಗೆ ಮುಗಿಯುತ್ತದೆ; ಕೋಷ್ಟಕಕ್ಕೆ ಸೇರಿದ ನಿಯಮ ಅವನ ಹಿಂದೆ ಬರುವ ಎಲ್ಲರಿಗೂ ಅನ್ವಯಿಸುತ್ತದೆ. ಗಣಕೀಕರಣದ ದೊಡ್ಡ ಲಾಭ ಇದು. ದೊಡ್ಡ ಅಪಾಯವೂ ಇದೇ: ತಪ್ಪು ನಮೂದು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಮುಂದುವರಿಯಬಲ್ಲದು.

ಕನ್ನಡ ಪತ್ರಿಕೆಯ ತೊಡಕು

ಗಡಿನಾಡಿನವರಿಗೆ ಹೆಚ್ಚು ನೋವು ಕೊಡುವುದು ಭಾಷಾ ಪತ್ರಿಕೆ. ಹೊರರಾಜ್ಯದ ಪಟ್ಟಿಯಲ್ಲಿ ಕನ್ನಡವು ಇಂಗ್ಲಿಷೇತರ ಭಾಷೆಗಳ ಸಾಲಿನಲ್ಲಿ ಒಂದಾಗಿ, ಸಾಮಾನ್ಯ ಶೀರ್ಷಿಕೆಯಡಿ ಅಡಗಿರುತ್ತದೆ. ಅಂಕಪಟ್ಟಿಯಲ್ಲಿ ಆ ಶೀರ್ಷಿಕೆ ಮಾತ್ರ ಕಾಣಿಸಿದರೆ, ಕೋಷ್ಟಕ ತುಂಬುವ ಸಿಬ್ಬಂದಿಗೆ ಅದು ಕನ್ನಡವೆಂದು ತಿಳಿಯುವುದೇ ಇಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದನೆಯ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿದವಳು. ಗಡಿಯಾಚೆಯ ಕಾಲೇಜೊಂದರಲ್ಲಿ ಅವಳ ಕನ್ನಡ ಪತ್ರಿಕೆಯ ಎದುರು 'ಸಮಾನ ಪತ್ರಿಕೆ ಇಲ್ಲ' ಎಂದು ನಮೂದಾಯಿತು. ಕನ್ನಡನಾಡಿಗೆ ಬಂದು ಮೊದಲ ವರ್ಷದ ಕನ್ನಡ ಪರೀಕ್ಷೆಯನ್ನು ಅವಳು ಮತ್ತೊಮ್ಮೆ ಬರೆಯಬೇಕಾಯಿತು. ಯಾರಿಗೂ ದುರುದ್ದೇಶವಿರಲಿಲ್ಲ, ಪಠ್ಯಕ್ರಮದ ಪ್ರತಿ ಅವರ ಕೈಗೆ ತಲುಪಿರಲಿಲ್ಲ, ಅಷ್ಟೆ.

ವಿದ್ಯಾರ್ಥಿ ಸಿದ್ಧವಾಗಿಟ್ಟುಕೊಳ್ಳಬೇಕಾದವು

• ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ವರ್ಗಾವಣೆ ಪತ್ರ, ವಲಸೆ ಪ್ರಮಾಣಪತ್ರ.
• ಓದಿದ ಪ್ರತಿಯೊಂದು ಪತ್ರಿಕೆಯ ಪಠ್ಯಕ್ರಮದ ಪ್ರತಿ. ಘಟಕಗಳು ಮತ್ತು ಗಂಟೆಗಳ ವಿವರವಿರಲಿ, ವಿಭಾಗ ಮುಖ್ಯಸ್ಥರ ಸಹಿಮೊಹರು ಇರಲಿ.
• ಭಾಷಾ ಪತ್ರಿಕೆ ಕನ್ನಡವೇ ಎಂಬ ದೃಢೀಕರಣ ಪತ್ರ.
• ಆಧಾರ್, ಅಂಕಪಟ್ಟಿ, ಕ್ರೆಡಿಟ್ ಖಾತೆ ಮೂರರಲ್ಲೂ ಒಂದೇ ಬಗೆಯ ಹೆಸರು. ಇನಿಷಿಯಲ್ ಒಂದೆಡೆ ಮುಂದೆ, ಇನ್ನೊಂದೆಡೆ ಹಿಂದೆ, ಮತ್ತೊಂದೆಡೆ ಬಿಡಿಸಿ ಬರೆದದ್ದಿದ್ದರೆ ಪ್ರವೇಶಕ್ಕೆ ಮೊದಲೇ ಸರಿಪಡಿಸಿಕೊಳ್ಳಬೇಕು.

ತತ್ಸಮಾನತೆಯ ತೀರ್ಮಾನವನ್ನು ಶುಲ್ಕ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ ಪಡೆಯಬೇಕು. ಒಪ್ಪಿಗೆಯಾಗದಿದ್ದರೆ ಕಾರಣ ಕೇಳಿ ಕುಲಸಚಿವರಿಗೆ ಮನವಿ ಸಲ್ಲಿಸಬಹುದು. ಮನವಿಯ ಜೊತೆ ಎರಡೂ ಪಠ್ಯಕ್ರಮಗಳನ್ನು ಘಟಕವಾರು ಅಕ್ಕಪಕ್ಕ ಜೋಡಿಸಿದ ಪಟ್ಟಿಯಿದ್ದರೆ ಬಲ ಹೆಚ್ಚು.

ಗಡಿನಾಡಿನ ಕನ್ನಡ ಅಧ್ಯಾಪಕರು ಮಾಡಬಹುದಾದ ಕೆಲಸವೂ ಒಂದಿದೆ. ತಮ್ಮ ಕಾಲೇಜಿನ ಕನ್ನಡ ಪತ್ರಿಕೆಗಳ ಸಂಕೇತ, ಗಂಟೆ, ಪಠ್ಯವಸ್ತುಗಳ ಪಟ್ಟಿಯನ್ನು ಸಿದ್ಧಪಡಿಸಿ, ಮಕ್ಕಳು ಹೆಚ್ಚಾಗಿ ಹೋಗುವ ಕರ್ನಾಟಕದ ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಮಂಡಳಿಗೆ ಪ್ರತಿ ವರ್ಷ ಕಳುಹಿಸಬಹುದು. ಒಂದು ಸಾಲು ಒಮ್ಮೆ ಸರಿಯಾಗಿ ದಾಖಲಾದರೆ, ಬಲ್ಲ ಭಾಷೆಯಲ್ಲಿ ಮತ್ತೆ ಪರೀಕ್ಷೆ ಬರೆಯುವ ಕಷ್ಟ ಮುಂದಿನ ಮಕ್ಕಳಿಗೆ ತಪ್ಪುತ್ತದೆ.