ಅಡುಗೆಮನೆಗೆ ಗ್ಯಾಸ್ ಬಂತು, ಬಚ್ಚಲ ಹಂಡೆ ಯಾಕೆ ಹಾಗೇ ಉಳಿಯಿತು?

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮ ಮಲೆನಾಡಿನಲ್ಲಿ ನೀರು ತುಂಬುವ ಹಬ್ಬ. ಅವತ್ತು ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆಯುತ್ತಾರೆ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಾರೆ. ಬೇರೆ ಕಡೆ ಹಾಗಲ ಬಳ್ಳಿ ಸುತ್ತುವವರೂ ಇದ್ದಾರೆ. ಹೊಸ ನೀರು ತುಂಬಿ ಪೂಜೆ ಮಾಡಿ, ಮರುದಿನ ಬೆಳಗಿನ ಜಾವ ಅದೇ ನೀರಿನಲ್ಲಿ ಎಣ್ಣೆ ಸ್ನಾನ.

ವರ್ಷಕ್ಕೊಮ್ಮೆ ಇಷ್ಟು ಮರ್ಯಾದೆ ಪಡೆಯುವ ಹಂಡೆಯ ಕೆಳಗೆ ಉಳಿದ ದಿನಗಳಲ್ಲಿ ಎಷ್ಟು ಕಟ್ಟಿಗೆ ಉರಿಯುತ್ತದೆ? ಆ ಬೆಂಕಿ ಹಾಕಲು ಬೆಳಿಗ್ಗೆ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ? ಈ ಲೆಕ್ಕವನ್ನು ನಮ್ಮ ಮನೆಗಳಲ್ಲಿ ಇಟ್ಟವರಿಲ್ಲ. ಸರ್ಕಾರದ ಯೋಜನೆಗಳೂ ಇದನ್ನು ಹೆಚ್ಚು ಗಮನಿಸಲಿಲ್ಲ. ಹಳ್ಳಿಮನೆಯ ಬಿಸಿನೀರಿನ ಚರಿತ್ರೆಯನ್ನು ನಾವು ಬರೆಯಲು ಹೊರಟಿದ್ದು ಇದೇ ಕಾರಣಕ್ಕೆ.

ಪುಕ್ಕಟೆ ಕಟ್ಟಿಗೆಯ ಕಾಲ

ಹಳೆಯ ಮನೆಗಳಲ್ಲಿ ಬಚ್ಚಲು ಹಿಂಬದಿಯಲ್ಲಿ, ಕೊಟ್ಟಿಗೆಗೆ ಹತ್ತಿರ ಇರುತ್ತಿತ್ತು. ಹಂಡೆಯನ್ನು ಮಣ್ಣಿನ ಒಲೆಯ ಮೇಲೆ ಕೂರಿಸಿ ಸುತ್ತ ಕಟ್ಟೆ ಕಟ್ಟಿಬಿಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಆಚೆಗೆ ಇರುತ್ತಿತ್ತು. ಹೊಗೆ ಹೊರಗೆ ಹೋಗಲಿ ಎಂಬುದು ಅದರ ಲೆಕ್ಕಾಚಾರ. ಬೆಂಕಿ ಹಾಕುವವರು ಮಾತ್ರ ಚಳಿಯಲ್ಲಿ ಹೊರಗೇ ಕೂರಬೇಕಿತ್ತು.

ಅಡುಗೆಗೆ ಒಳ್ಳೆಯ ಕಟ್ಟಿಗೆ, ಹಂಡೆಗೆ ಮಿಕ್ಕಿದ್ದು ಎಂಬುದು ಮನೆಮನೆಯ ನಿಯಮ. ಅಡಿಕೆ ತೋಟದವರು ಒಣಗಿದ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಉರಿಸಿದರು. ತೆಂಗಿನ ಸೀಮೆಯಲ್ಲಿ ಗರಿ, ಮಟ್ಟೆ. ಉತ್ತರದ ಜಿಲ್ಲೆಗಳಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು, ಆಮೇಲೆ ಬಳ್ಳಾರಿ ಜಾಲಿ. ದುಡ್ಡು ಕೊಟ್ಟು ತರದ ವಸ್ತುವಾದ್ದರಿಂದ ಅದಕ್ಕೆ ಬೆಲೆ ಇಲ್ಲ ಎಂದೇ ಎಲ್ಲರೂ ನಂಬಿದರು. ಆ ಸೋಗೆಯನ್ನು ತೋಟದಿಂದ ಹೊತ್ತು ತಂದು, ಕಡಿದು, ಮಳೆಗಾಲಕ್ಕೆ ಮೊದಲೇ ಒಣಗಿಸಿ ಸೌದೆಕೊಟ್ಟಿಗೆಗೆ ತುಂಬಿಸಿದ ಕೈಗಳಿಗೂ ಹಾಗೆಯೇ ಕೂಲಿ ಸಿಗಲಿಲ್ಲ.

ನಮ್ಮ ಮನೆಯಲ್ಲಿ ಅಜ್ಜಿ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದರು. ಮೊದಲ ಕೆಲಸ ಹಂಡೆ ಒಲೆ. ಗಂಡಸರ ಸ್ನಾನ ಮುಗಿದು, ಮಕ್ಕಳು ಶಾಲೆಗೆ ಹೊರಟ ಮೇಲೆ ತಳದಲ್ಲಿ ಉಳಿದ ನೀರು ಅವರ ಪಾಲಿಗೆ. ಮನೆಯಲ್ಲಿ ಬಾಣಂತಿ ಇದ್ದರಂತೂ ಒಲೆ ಆರುವ ಮಾತೇ ಇಲ್ಲ.

ಲೆಕ್ಕ ಹಾಕಿದ ಮೊದಲಿಗರು

ಹಳ್ಳಿಯ ಬೆಂಕಿಯನ್ನು ತೂಕಕ್ಕೆ ಇಟ್ಟು ನೋಡಿದವರಲ್ಲಿ ಮೊದಲಿಗರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಅಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ತರುವುದು ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕಟ್ಟಿಗೆ, ಸೀಮೆಎಣ್ಣೆ, ಕರೆಂಟ್, ಎತ್ತಿನ ದುಡಿಮೆ, ಮನುಷ್ಯರ ದುಡಿಮೆ ಎಲ್ಲವನ್ನೂ ಲೆಕ್ಕ ಹಾಕಿದರು.

ಆ ಹಳ್ಳಿಗಳಲ್ಲಿ ಪುರ ಒಂದು. 1970ರ ದಶಕದ ಕೊನೆಗೆ ಅಲ್ಲಿ ಐವತ್ತು ಚಿಲ್ಲರೆ ಮನೆಗಳಿದ್ದವು. ಊರು ಬಳಸುವ ಒಟ್ಟು ಶಕ್ತಿಯಲ್ಲಿ 10ರಲ್ಲಿ ಸುಮಾರು 9 ಪಾಲು ಕಟ್ಟಿಗೆಯಿಂದಲೇ ಬರುತ್ತಿತ್ತು. ಕರೆಂಟಿನ ಪಾಲು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಶಕ್ತಿಯ ಬಹುಪಾಲು ಖರ್ಚಾಗುತ್ತಿದ್ದುದು ಹೊಲದಲ್ಲಲ್ಲ, ಮನೆಯೊಳಗೆ: ಅಡುಗೆಗೆ ಮತ್ತು ನೀರು ಕಾಯಿಸಲು. ಆ ಕಟ್ಟಿಗೆ ತರಲು ಹೆಂಗಸರು, ಮಕ್ಕಳು ದಿನಾ ನಡೆಯುತ್ತಿದ್ದ ದೂರ ಮತ್ತು ಹೊತ್ತು ಕೂಡ ಆ ಲೆಕ್ಕದಲ್ಲಿ ಸೇರಿತು. ನಮ್ಮ ಮಟ್ಟಿಗೆ ಅದೇ ಆ ಸಮೀಕ್ಷೆಯ ದೊಡ್ಡ ಕೆಲಸ.

ಇದರಿಂದ ಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಇಡುವ, ಹೊಗೆಕೊಳವೆ ಇರುವ ಮಣ್ಣಿನ ಒಲೆ ಅದು. ಕಟ್ಟಿಗೆ ಜಾಲರಿಯ ಮೇಲೆ ಉರಿಯುತ್ತದೆ, ಕೆಳಗಿನಿಂದ ಗಾಳಿ ಬರುತ್ತದೆ, ಬಿಸಿ ಹೊಗೆ ಪಾತ್ರೆಗಳನ್ನು ಸವರಿಕೊಂಡು ಹೊರಗೆ ಹೋಗುತ್ತದೆ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದಾಗ ಕರ್ನಾಟಕದಲ್ಲಿ ಅಸ್ತ್ರ ಒಲೆ ಹಳ್ಳಿ ಹಳ್ಳಿಗೆ ಹೋಯಿತು. ನಮ್ಮ ಕಡೆ ಈಗಲೂ ಹಳೆ ಅಡುಗೆಮನೆಗಳಲ್ಲಿ ಅದರ ಗುರುತು ಕಾಣುತ್ತದೆ. ಆ ಕಾರ್ಯಕ್ರಮ 2002ರಲ್ಲಿ ನಿಂತಿತು.

ಅಡುಗೆ ಒಲೆಯ ಈ ಪಾಠ ಹಂಡೆ ಒಲೆಗೂ ಹೊಂದುತ್ತದೆ. ಸ್ವಲ್ಪ ಲೆಕ್ಕ ಮಾಡೋಣ.

ಒಂದು ಮನೆಯ ಸ್ನಾನದ ಲೆಕ್ಕ

5 ಜನರ ಮನೆ, ತಲೆಗೆ 20 ಲೀಟರ್, ಒಟ್ಟು 100 ಲೀಟರ್ ಎಂದಿಟ್ಟುಕೊಳ್ಳಿ. 20 ಡಿಗ್ರಿಯ ನೀರು ಸ್ನಾನದ ಹದಕ್ಕೆ, ಅಂದರೆ 42 ಡಿಗ್ರಿಗೆ ಬರಬೇಕಾದರೆ ಸುಮಾರು ಎರಡೂವರೆ ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಒಂದು ಕೆ.ಜಿ. ಒಣ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್‌ನಷ್ಟು ಶಾಖ ಇದೆ. ಅಷ್ಟೂ ನೀರಿಗೆ ಸೇರಿದರೆ ಮುಕ್ಕಾಲು ಕೆ.ಜಿ. ಕಟ್ಟಿಗೆ ಸಾಕು.

ಆದರೆ ತೆರೆದ ಒಲೆಯಲ್ಲಿ 10ರಲ್ಲಿ ಒಂದೆರಡು ಪಾಲು ಮಾತ್ರ ನೀರಿಗೆ ಸೇರುತ್ತದೆ, ಉಳಿದದ್ದು ಗಾಳಿಗೆ. ಹಾಗಾಗಿ ದಿನಕ್ಕೆ 3ರಿಂದ 6 ಕೆ.ಜಿ. ಕಟ್ಟಿಗೆ ಬೇಕಾಗುತ್ತದೆ. ದಿನಕ್ಕೆ 4 ಕೆ.ಜಿ. ಎಂದು ಹಿಡಿದರೂ ವರ್ಷಕ್ಕೆ ಹತ್ತಿರ ಹತ್ತಿರ ಒಂದೂವರೆ ಟನ್. ಬರೀ ಸ್ನಾನಕ್ಕೆ!

ಅದೇ ಹಂಡೆಗೆ ಜಾಲರಿ, ಬೆಂಕಿ ಹಂಡೆಯ ಬದಿಗಳನ್ನೂ ಸುತ್ತುವ ಗೂಡು, ಹೊಗೆಕೊಳವೆ ಮಾಡಿಸಿ 10ರಲ್ಲಿ 4 ಪಾಲು ಶಾಖ ನೀರಿಗೆ ಸೇರುವಂತಾದರೆ ಒಂದೂವರೆ ಕೆ.ಜಿ. ಚಿಲ್ಲರೆಯಲ್ಲಿ ಕೆಲಸ ಆಗುತ್ತದೆ. ಹಂಡೆ ಬದಲಿಸಬೇಕಿಲ್ಲ, ಒಲೆ ಬದಲಿಸಿದರೆ ಸಾಕು.

ಮಾಡಿನ ಮೇಲಿನ ಬಿಸಿಲು

ಬಿಸಿಲಿನಲ್ಲಿ ನೀರು ಕಾಯಿಸುವುದು ಹೊಸ ವಿದ್ಯೆಯೇನಲ್ಲ. ಅಮೆರಿಕದ ಕ್ಲಾರೆನ್ಸ್ ಕೆಂಪ್ ಎಂಬುವವರು ಕಪ್ಪು ಬಣ್ಣದ ನೀರಿನ ತೊಟ್ಟಿಗಳನ್ನು ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು 1891ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ರಾತ್ರಿಯಾದರೆ ಆ ನೀರು ತಣ್ಣಗಾಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ನೀರು ಕಾಯುವ ಜಾಗವನ್ನೂ ಕಾದ ನೀರು ನಿಲ್ಲುವ ಟ್ಯಾಂಕನ್ನೂ ಬೇರೆ ಮಾಡಿದರು. ಟ್ಯಾಂಕಿಗೆ ಶಾಖ ಆರದಂತೆ ಹೊದಿಕೆ ಹಾಕಿ, ಅದನ್ನು ಮೇಲಿಟ್ಟರು. ಬಿಸಿನೀರು ಹಗುರ, ತಾನಾಗಿ ಮೇಲಕ್ಕೆ ಹೋಗುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಕಿಲ್ಲ. ಇವತ್ತು ನಮ್ಮ ಮಾಡಿನ ಮೇಲಿರುವ ಸೋಲಾರ್ ನಡೆಯುವುದು ಇದೇ ಉಪಾಯದಿಂದ.

ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ಮುಂದಿದೆ. ಬೆಂಗಳೂರಿನಲ್ಲಿ ಹೊಸ ಮನೆಗೆ ಕರೆಂಟ್ ಸಂಪರ್ಕ ಬೇಕಾದರೆ ಸೋಲಾರ್ ಹೀಟರ್ ಇರಬೇಕೆಂಬ ನಿಯಮ ಬಂತು. ಸೋಲಾರ್ ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ವರ್ಷಗಟ್ಟಲೆ ಇತ್ತು. 2010ರ ರಾಷ್ಟ್ರೀಯ ಸೌರ ಮಿಷನ್‌ನಲ್ಲಿ ನೀರು ಕಾಯಿಸುವ ಸೋಲಾರ್‌ಗೂ ಗುರಿ ಇತ್ತು, ಸಹಾಯಧನವೂ ಇತ್ತು.

ಈ ರಿಯಾಯಿತಿ ಸಿಕ್ಕಿದ್ದು ಯಾರಿಗೆ? ಬಿಲ್ಲಿನಲ್ಲಿ ಕಡಿತ ಸಿಗಬೇಕಾದರೆ ದೊಡ್ಡ ಬಿಲ್ಲು ಇರಬೇಕು. ಸಹಾಯಧನ ಸಿಗಬೇಕಾದರೆ ಉಳಿದ ಹಣ ಮೊದಲು ಕೈಯಿಂದ ಹಾಕಬೇಕು. ಗೀಸರ್ ಬಿಟ್ಟು ಸೋಲಾರ್‌ಗೆ ಬಂದ ಪೇಟೆಯವರಿಗೆ ತಿಂಗಳು ತಿಂಗಳೂ ಉಳಿತಾಯ ಕಣ್ಣಿಗೆ ಕಾಣುತ್ತದೆ. ಹಂಡೆ ಬಿಟ್ಟು ಸೋಲಾರ್‌ಗೆ ಬಂದ ಹಳ್ಳಿಯ ಮನೆಯಲ್ಲಿ ಉಳಿಯುವುದು ಕಟ್ಟಿಗೆ ಮತ್ತು ಹೆಂಗಸರ ಹೊತ್ತು. ಎರಡಕ್ಕೂ ಬಿಲ್ಲು ಬರುವುದಿಲ್ಲ.

ಗ್ಯಾಸ್ ಬಂದ ಮೇಲೆ

2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಯಿತು. ನಮ್ಮೂರಿನ ಮನೆಗಳಿಗೂ ಸಿಲಿಂಡರ್ ಬಂತು. ಅಡುಗೆಮನೆಯ ಗೋಡೆಗಳ ಕಪ್ಪು ಹೋಯಿತು. ಆದರೆ ಸಿಲಿಂಡರಿನಲ್ಲಿ ಸ್ನಾನದ ನೀರು ಕಾಯಿಸಲು ಯಾರಿಗೆ ಕಟ್ಟೀತು? ಗ್ಯಾಸ್ ಒಳಗೆ ಬಂತು, ಹಂಡೆ ಹಿಂದೆಯೇ ಉಳಿಯಿತು. ಕಾಗದದಲ್ಲಿ 'ಹೊಗೆಮುಕ್ತ' ಎನಿಸಿಕೊಂಡ ಮನೆಯ ಹಿಂಬದಿಯಲ್ಲಿ ಬೆಳಿಗ್ಗೆ ಐದಕ್ಕೆ ಹೊಗೆ ಏಳುವುದನ್ನು ನಾವು ವರದಿಗೆ ಹೋದಲ್ಲೆಲ್ಲ ನೋಡಿದ್ದೇವೆ.

ಇನ್ನು ಕೆಲವರು ಬಕೆಟಿಗೆ ಕಾಯಿಲ್ ಇಳಿಬಿಟ್ಟರು. ಅಗ್ಗ, ಬೇಗ. ಆದರೆ ಆನ್ ಇರುವಾಗ ನೀರಿಗೆ ಕೈ ಹಾಕಿದರೆ ಜೀವಕ್ಕೇ ಅಪಾಯ. ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

2023ರಲ್ಲಿ ಗೃಹಜ್ಯೋತಿ ಬಂದಾಗ "ಇನ್ನೇನು, ಕರೆಂಟ್ ಫ್ರೀ, ಗೀಸರ್ ಹಾಕಿಸೋಣ" ಎಂದವರೂ ಇದ್ದಾರೆ. ಯೋಜನೆ ಶುರುವಾದಾಗ ಇಟ್ಟ ಲೆಕ್ಕ ಬೇರೆ ಇತ್ತು. 200 ಯೂನಿಟ್ ಎಂಬುದು ಮೇಲಿನ ಮಿತಿ ಮಾತ್ರ. 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಶೇ 10, ಅಷ್ಟಕ್ಕೆ ಉಚಿತ. ಮೇಲೆ ಹೇಳಿದ ಎರಡೂವರೆ ಯೂನಿಟ್ ದಿನಾ ಸೇರಿದರೆ ತಿಂಗಳಿಗೆ 75 ಯೂನಿಟ್. ಹಂಡೆಯಲ್ಲೇ ಸ್ನಾನ ಮಾಡುತ್ತಿದ್ದವರ ಹಳೆ ಸರಾಸರಿ ಸಣ್ಣದು, ಗೀಸರ್ ಹಾಕಿದರೆ ಹೆಚ್ಚಿದ್ದಕ್ಕೆ ಬಿಲ್ಲು ಬರುತ್ತದೆ.

2024ರಲ್ಲಿ ಬಂದ ಸೂರ್ಯಘರ್ ಯೋಜನೆ ಕೂಡ ಕರೆಂಟ್ ಮಾಡುವ ಫಲಕಕ್ಕೆ ಸಹಾಯಧನ ಕೊಡುತ್ತದೆ, ನೀರು ಕಾಯಿಸುವ ಸೋಲಾರ್‌ಗಲ್ಲ. ಹೀಗೆ ಎಲ್ಲ ಯೋಜನೆಗಳೂ ಬಚ್ಚಲಿನ ಪಕ್ಕದಲ್ಲೇ ಹಾದು ಹೋಗಿವೆ.

ನಮ್ಮ ಮನೆಯ ಸೋಲಾರ್ ಕಲಿಸಿದ್ದು

ನಮ್ಮ ಮನೆಗೂ ಸೋಲಾರ್ ಬಂತು, ಗಾಜಿನ ಕೊಳವೆಯದ್ದು. ಮೊದಲ ವರ್ಷ ಅಮ್ಮನಿಗೆ ಬೆಳಿಗ್ಗೆ ಒಂದು ಗಂಟೆ ಹೆಚ್ಚು ನಿದ್ದೆ ಸಿಕ್ಕಿತು. ಮೂರನೇ ವರ್ಷಕ್ಕೆ ನೀರು ಉಗುರುಬೆಚ್ಚಗೆ ಬರತೊಡಗಿತು. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ಕೊಳವೆಯೊಳಗೆ ಬಿಳಿ ಗಾರು ಕಟ್ಟಿತ್ತು. ಮಾರಿದವರಿಗೆ ಫೋನ್ ಮಾಡಿದರೆ "ಬರ್ತೀವಿ ಸಾರ್" ಎಂದವರು ಬರಲೇ ಇಲ್ಲ. ಅಮ್ಮ ಮಾತಾಡದೆ ಹಂಡೆ ಒಲೆಯ ಬೂದಿ ಗೋರಿ ಮತ್ತೆ ಬೆಂಕಿ ಹಾಕಿದರು. ಕೊನೆಗೆ ತಾಲ್ಲೂಕಿನ ಪ್ಲಂಬರ್ ಒಬ್ಬರನ್ನು ಕರೆಸಿ ತೊಳೆಸಿದೆವು. ಈಗ ಮಳೆಗಾಲ ಮುಗಿದ ಕೂಡಲೇ ವರ್ಷಕ್ಕೊಮ್ಮೆ ತೊಳೆಸುತ್ತೇವೆ.

ಮಳೆಗಾಲದ ಕಥೆ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಪಕ್ಕದ ಮನೆಯ ಅತ್ತೆ ಹೇಳುವಂತೆ, "ಬಿಸಿಲಿದ್ರೆ ಸೋಲಾರು, ಮಳೆ ಹಿಡೀತು ಅಂದ್ರೆ ಹಂಡೆಯೇ ಸೈ ಮಾರಾಯ." ಅವರು ಮಾಡಿದ್ದೂ ಅದನ್ನೇ. ಸೋಲಾರ್ ಇಟ್ಟುಕೊಂಡು, ಹಂಡೆಗೆ ಹೊಗೆಕೊಳವೆ, ಜಾಲರಿ ಇರುವ ಒಲೆ ಕಟ್ಟಿಸಿಕೊಂಡರು. ಮಲೆನಾಡಿಗೆ ಇದೇ ಸರಿಯಾದ ಜೋಡಿ ಎಂದು ನಮಗೆ ಅನ್ನಿಸಿದೆ. ವರ್ಷದ ಹೆಚ್ಚು ದಿನ ಬಿಸಿಲಿರುವ ಬಯಲುಸೀಮೆಗೆ ಸೋಲಾರ್ ಒಂದೇ ಬಹುತೇಕ ಸಾಕು.

ಹಾಕಿಸುವ ಮೊದಲು ಕೇಳಬೇಕಾದದ್ದು ನಾಲ್ಕು ಮಾತು. ನಮ್ಮ ನೀರು ಗಡಸೋ ಮೆದುವೋ? ಗಡಸಾದರೆ ಬಳಸುವ ನೀರು, ಕೊಳವೆಯಲ್ಲಿ ಕಾಯುವ ನೀರು ಬೇರೆ ಬೇರೆ ಹರಿಯುವ ಮಾದರಿ ಇದೆಯೇ? ರಿಪೇರಿಗೆ ಯಾರು, ಎಲ್ಲಿಂದ ಬರುತ್ತಾರೆ? ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಮೇಲೆ ಇದೆಯೇ? ಸಾಲ ಬೇಕಾದರೆ ಕಂತು ಅಡಿಕೆ ಮಾರುವ ತಿಂಗಳಿಗೋ, ಹಾಲಿನ ದುಡ್ಡು ಬರುವ ವಾರಕ್ಕೋ ಹೊಂದುತ್ತದೆಯೇ? ಒಲೆ ಮಾತ್ರ ಬದಲಿಸುವುದಾದರೆ ಸಾಲವೂ ಬೇಕಾಗಲಿಕ್ಕಿಲ್ಲ, ಊರಿನ ಗಾರೆ ಕೆಲಸದವರಿಗೆ ಹೇಳಿ ಕಟ್ಟಿಸಬಹುದು.

ಈ ದೀಪಾವಳಿಗೆ ಹಂಡೆ ತೊಳೆಯುವಾಗ ಒಂದು ಕೆಲಸ ಮಾಡಿ. ಹಬ್ಬದ ಹಿಂದಿನ ಒಂದು ವಾರ ಒಲೆಗೆ ಹಾಕುವ ಕಟ್ಟಿಗೆಯನ್ನು ದಿನಾ ತೂಗಿ, ಬೆಂಕಿ ಹಾಕಲು ಎದ್ದವರ ಹೆಸರು, ಹೊತ್ತು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಪುರದಲ್ಲಿ ವಿಜ್ಞಾನಿಗಳು ಮಾಡಿದ್ದು ಇಂಥದ್ದೇ ಕೆಲಸ. ನಾವೂ ನಮ್ಮ ಮನೆಯಲ್ಲಿ ಬರೆದು ನೋಡಿದೆವು. ಏಳು ದಿನವೂ ಇದ್ದದ್ದು ಅಮ್ಮನ ಹೆಸರೇ.