ಯುದ್ಧಕ್ಕೆ ಹೋದವರ ಮನೆಯ ಮಕ್ಕಳು

1939ರ ಸೆಪ್ಟೆಂಬರ್ 1ರಂದು ಲಂಡನ್ನಿನ ರೈಲ್ವೆ ನಿಲ್ದಾಣಗಳು ಮಕ್ಕಳಿಂದ ಕಿಕ್ಕಿರಿದಿದ್ದವು. ಅಂಗಿಗೆ ಕಟ್ಟಿದ ಹೆಸರಿನ ಚೀಟಿ, ಹೆಗಲಲ್ಲಿ ಗ್ಯಾಸ್ ಮಾಸ್ಕಿನ ರಟ್ಟಿನ ಡಬ್ಬಿ. ಜರ್ಮನಿಯ ಬಾಂಬುಗಳಿಂದ ಕಾಪಾಡಲೆಂದು ಬ್ರಿಟನ್ ಸರ್ಕಾರ ಮೂರೇ ದಿನದಲ್ಲಿ ಸುಮಾರು 15 ಲಕ್ಷ ಮಂದಿಯನ್ನು ನಗರಗಳಿಂದ ಹಳ್ಳಿಗಾಡಿಗೆ ಸಾಗಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾಯಿ ತಂದೆಯರನ್ನು ಬಿಟ್ಟು ಹೊರಟ ಶಾಲಾಮಕ್ಕಳು. ರೈಲು, ಬಸ್ಸು, ಬಿಸ್ಕತ್ತುಗಳ ಲೆಕ್ಕವನ್ನು ಅಧಿಕಾರಿಗಳು ಅಚ್ಚುಕಟ್ಟಾಗಿ ಇಟ್ಟಿದ್ದರು. ಮಕ್ಕಳ ಮನಸ್ಸಿಗೆ ಏನಾಗುತ್ತದೆ ಎಂಬುದು ಯಾವ ಲೆಕ್ಕದಲ್ಲೂ ಇರಲಿಲ್ಲ.

ಆ ಪ್ರಶ್ನೆ ಎತ್ತಿದವರು ಮೂವರು ವೈದ್ಯರು. ಜಾನ್ ಬೌಲ್ಬಿ, ಎಮಾನ್ಯುಯೆಲ್ ಮಿಲ್ಲರ್ ಮತ್ತು ಡಿ.ಡಬ್ಲ್ಯು. ವಿನಿಕಾಟ್ ಅದೇ ಡಿಸೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ಗೆ ಪತ್ರ ಬರೆದು, ಎರಡರಿಂದ ಐದು ವರ್ಷದ ಕೂಸುಗಳನ್ನು ತಾಯಿಯಿಂದ ಅಗಲಿಸಿ ಕಳಿಸುವುದು ಅಪಾಯ ಎಂದು ಎಚ್ಚರಿಸಿದರು. ಪತ್ರ ಅಚ್ಚಾಯಿತು, ರೈಲುಗಳು ನಿಲ್ಲಲಿಲ್ಲ.

ಕೇಂಬ್ರಿಡ್ಜ್‌ನಲ್ಲಿ ಸೂಸನ್ ಐಸಾಕ್ಸ್ ಎಂಬ ಶಿಕ್ಷಣತಜ್ಞೆ ಇನ್ನೊಂದು ದಾರಿ ಹಿಡಿದರು. ಲಂಡನ್ನಿನ ಟಾಟನ್‌ಹ್ಯಾಮ್, ಇಸ್ಲಿಂಗ್ಟನ್ ಬಡಾವಣೆಗಳಿಂದ ಬಂದಿದ್ದ ಮಕ್ಕಳ ಕೈಯಲ್ಲಿ ಎರಡು ಪ್ರಬಂಧ ಬರೆಯಿಸಿದರು: ಕೇಂಬ್ರಿಡ್ಜ್‌ನಲ್ಲಿ ನನಗೆ ಇಷ್ಟವಾದದ್ದೇನು, ಇಲ್ಲಿ ನನಗೆ ಇಲ್ಲವೆನಿಸುವುದೇನು. ದೊಡ್ಡವರನ್ನು ಬಿಟ್ಟು ನೇರವಾಗಿ ಮಕ್ಕಳನ್ನೇ ಕೇಳುವುದು ಆ ಕಾಲಕ್ಕೆ ಅಪರೂಪ. 1941ರಲ್ಲಿ ಹೊರಬಂದ ಆ ಸಮೀಕ್ಷೆ, ಮಕ್ಕಳಿಗೆ ಮನೆಯವರ ನಂಟೇ ಎಲ್ಲಕ್ಕಿಂತ ಮುಖ್ಯ, ಕನಿಷ್ಠ ಪಕ್ಷ ಅಣ್ಣ ತಮ್ಮ ಅಕ್ಕ ತಂಗಿಯರನ್ನಾದರೂ ಒಂದೇ ಮನೆಯಲ್ಲಿ ಇರಿಸಿ ಎಂದು ಹೇಳಿತು.

ಇನ್ನೂ ಹತ್ತಿರದಿಂದ ನೋಡಿದವರು ಮಕ್ಕಳ ಮನೋವಿಶ್ಲೇಷಕಿಯರಾದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್. ನಾಜಿಗಳ ಕಾಟಕ್ಕೆ 1938ರಲ್ಲಿ ತಂದೆಯ ಜೊತೆ ವಿಯೆನ್ನಾ ಬಿಟ್ಟು ಬಂದಿದ್ದ ಆನಾ, 1941ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುಗೃಹಗಳನ್ನು ಶುರುಮಾಡಿದರು. ಹಣ ಅಮೆರಿಕದ ದಾನಿಗಳದ್ದು. ಪ್ರತಿಯಾಗಿ ತಿಂಗಳಿಗೊಂದು ವರದಿ ಕಳಿಸಬೇಕಿತ್ತು. ಇಂದು ನಾವು ಸಂಶೋಧನೆ ಎಂದು ಓದುವ ಎಷ್ಟೋ ವಿಷಯ ಹುಟ್ಟಿದ್ದು ಈ ತಿಂಗಳ ವರದಿಗಳಲ್ಲೇ. ಅಲ್ಲಿ ಕೆಲಸ ಮಾಡುವವರೆಲ್ಲರೂ ತಾವು ಕಂಡದ್ದನ್ನು ಕಾರ್ಡಿನ ಮೇಲೆ ಗೀಚಿಡಬೇಕೆಂಬುದು ನಿಯಮ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಕೂಡ ಬರೆಯುತ್ತಿದ್ದ. ಮುಂದೆ ಇದೇ ರಾಬರ್ಟ್‌ಸನ್ ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಮೇಲೆ 1952ರಲ್ಲಿ ಮಾಡಿದ ಸಿನಿಮಾ, ಮಕ್ಕಳ ವಾರ್ಡಿಗೆ ತಾಯಂದಿರನ್ನು ಬಿಡದಿದ್ದ ಡಾಕ್ಟರುಗಳ ಕಣ್ಣು ತೆರೆಸಲು ಕಾರಣವಾಯಿತು.

ಆ ದಾಖಲೆಗಳಲ್ಲಿ ಮೂರು ವರ್ಷದ ಒಬ್ಬ ಹುಡುಗನಿದ್ದಾನೆ. ಅಳಬಾರದು ಎಂದು ಅವನಿಗೆ ಮನೆಯವರು ಹೇಳಿ ಕಳಿಸಿದ್ದರು, ಅವನು ಅಳಲೂ ಇಲ್ಲ. ಅಮ್ಮ ಬರುತ್ತಾಳೆ, ಕೋಟು ತೊಡಿಸುತ್ತಾಳೆ, ಟೋಪಿ ಹಾಕುತ್ತಾಳೆ, ಕರೆದುಕೊಂಡು ಹೋಗುತ್ತಾಳೆ ಎಂದು ದಿನವಿಡೀ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದನ್ನೂ ಬಾಯಿಬಿಟ್ಟು ಹೇಳಬೇಡ ಎಂದು ಯಾರೋ ಗದರಿದರು. ಆಮೇಲೆ ಮಾತು ನಿಂತಿತು. ಮೂಲೆಯಲ್ಲಿ ನಿಂತು ಇಲ್ಲದ ಕೋಟಿನ ಜಿಪ್ ಎಳೆಯುವ, ಇಲ್ಲದ ಟೋಪಿ ಸರಿಮಾಡುವ ಕೈಸನ್ನೆ ಮಾತ್ರ ಉಳಿಯಿತು.

ಬಾಂಬಿನ ವಿಷಯದಲ್ಲಿ ಆನಾ, ಡೊರೊಥಿ ಇಬ್ಬರಿಗೂ ಬೇರೆಯೇ ಸಂಗತಿ ಕಂಡಿತು. ತಾಯಿ ಪಕ್ಕದಲ್ಲಿದ್ದು, ಅವಳೇ ಹೆದರಿ ನಡುಗದಿದ್ದರೆ, ಬಾಂಬ್ ದಾಳಿಯನ್ನು ಮಕ್ಕಳು ಆಶ್ಚರ್ಯವಾಗುವಷ್ಟು ಸಲೀಸಾಗಿ ತಡೆದುಕೊಳ್ಳುತ್ತಿದ್ದರು; ಅಗಲಿಕೆಯನ್ನು ತಡೆಯಲಾರದೆ ಹೋಗುತ್ತಿದ್ದರು. ಹಾಗಾಗಿ ಶಿಶುಗೃಹದಲ್ಲಿ ನಾಲ್ಕೈದು ಮಕ್ಕಳಿಗೆ ಒಬ್ಬಳೇ ಆಯಾ ಎಂದು ಪುಟ್ಟ ಸಂಸಾರಗಳನ್ನು ಮಾಡಿದರು. ಮೊದಲು ಜಗಳ, ಹೊಟ್ಟೆಕಿಚ್ಚು, ಕೂಗಾಟ. ಕೆಲವೇ ವಾರಗಳಲ್ಲಿ ಹಿಂದೆ ಬಿದ್ದಿದ್ದ ಮಾತು ಚುರುಕಾಯಿತು.

ಅಟ್ಲಾಂಟಿಕ್‌ನ ಆಚೆ, ರೂಬೆನ್ ಹಿಲ್ ಎಂಬ ಸಮಾಜಶಾಸ್ತ್ರಜ್ಞ ಅಯೋವಾ ರಾಜ್ಯದ 135 ಸೈನಿಕ ಕುಟುಂಬಗಳನ್ನು ಅಭ್ಯಾಸ ಮಾಡಿ 1949ರಲ್ಲಿ ಪುಸ್ತಕ ತಂದರು. ಒಂದೇ ಪೆಟ್ಟಿಗೆ ಒಂದು ಮನೆ ಕುಸಿಯುತ್ತದೆ, ಇನ್ನೊಂದು ನಿಲ್ಲುತ್ತದೆ. ಪೆಟ್ಟಿನ ಜೊತೆಗೆ ಮನೆಯ ಬಲವನ್ನೂ, ಆ ಪೆಟ್ಟಿಗೆ ಮನೆಯವರು ಕೊಡುವ ಅರ್ಥವನ್ನೂ ಸೇರಿಸಿ ನೋಡಬೇಕು ಎಂಬುದು ಅವರ ವಾದ. ಕುಟುಂಬಗಳ ಮೇಲಿನ ಅಧ್ಯಯನಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ಆ ಪುಸ್ತಕದಲ್ಲಿ ಹೆಚ್ಚು ಕಾಡುವ ಭಾಗ ಸೈನಿಕ ಮನೆಗೆ ಮರಳಿ ಬರುವುದರ ಕುರಿತದ್ದು. ಗಂಡನಿಲ್ಲದೆ ಸಂಸಾರ ತೂಗಿಸಲು ಚೆನ್ನಾಗಿ ಕಲಿತ ಮನೆಗಳಲ್ಲೇ ಅವನು ಬಂದಾಗ ಅವನಿಗೆ ಜಾಗ ಸಿಗುವುದು ಕಷ್ಟವಾಗುತ್ತಿತ್ತು. ಅವನ ಪತ್ರಗಳು ನಿಲ್ಲದೆ ಬರುತ್ತಿದ್ದ ಮನೆಯಲ್ಲಿ ದಾರಿ ತುಸು ಸಲೀಸು.

ಸ್ಟ್ಯಾನ್‌ಫರ್ಡ್‌ನಲ್ಲಿ ಲೋಯಿಸ್ ಸ್ಟೋಲ್ಜ್ ಇದನ್ನೇ ಮಗುವಿನ ಕಡೆಯಿಂದ ನೋಡಿದರು. 1954ರಲ್ಲಿ ಬಂದ ಅವರ ಪುಸ್ತಕದಲ್ಲಿರುವುದು ಅಪ್ಪ ಯುದ್ಧದಲ್ಲಿದ್ದಾಗ ಹುಟ್ಟಿದ ಚೊಚ್ಚಲ ಮಕ್ಕಳ ಕತೆ. ಮನೆಗೆ ಬಂದ ಅಪ್ಪನಿಗೆ ಮಗು ಮುದ್ದಿನಿಂದ ಕೆಟ್ಟಿದೆ ಎನಿಸುತ್ತಿತ್ತು. ಊಟ, ನಿದ್ದೆ, ಶಿಸ್ತಿನ ಮೇಲೆ ಗದರಿಕೆ ಶುರು. ಮಗುವಿಗೆ ಅವನು ಅಪರಿಚಿತ ಗಂಡಸು. ಅದೇ ಅಪ್ಪ, ಆಮೇಲೆ ತನ್ನ ಕಣ್ಣೆದುರೇ ಹುಟ್ಟಿದ ಎರಡನೆಯ ಮಗುವಿನೊಂದಿಗೆ ಸರಾಗವಾಗಿರುತ್ತಿದ್ದ. ಹೀಗಾಗಿ ಗಂಡಸಿನ ಸ್ವಭಾವವನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ.

ವಿಯೆಟ್ನಾಂ ಯುದ್ಧ ಮತ್ತೊಂದು ಸಂಕಟ ತಂದಿತು. 1973ರಲ್ಲಿ 591 ಅಮೆರಿಕನ್ ಸೆರೆಯಾಳುಗಳು ಮನೆಗೆ ಮರಳಿದರು. ಕಾಣೆಯಾದವರ ಮನೆಗಳು ಕಾಯುತ್ತಲೇ ಇದ್ದವು. ಸತ್ತನೆಂದು ಶ್ರಾದ್ಧ ಮಾಡುವಂತಿಲ್ಲ, ಬದುಕಿದ್ದಾನೆಂದು ತಟ್ಟೆ ಇಡುವಂತಿಲ್ಲ. ಕಾಣೆಯಾದ ಪೈಲಟ್‌ಗಳ ಹೆಂಡತಿಯರನ್ನು ಮಾತಾಡಿಸಿದ ಪಾಲಿನ್ ಬಾಸ್, ಕೊನೆಯೇ ಸಿಗದ ಈ ದುಃಖವನ್ನು ಸಾವಿನ ದುಃಖದಿಂದ ಬೇರೆ ಮಾಡಿ ತೋರಿಸಿದರು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಸೈನಿಕರ ಮಕ್ಕಳಿಗಾಗಿ ಬೆಳಗಾವಿಯಲ್ಲಿ 1945ರಲ್ಲಿ, ಬೆಂಗಳೂರಿನಲ್ಲಿ 1946ರಲ್ಲಿ ಶುರುವಾದ ಮಿಲಿಟರಿ ಶಾಲೆಗಳು ಇಂದಿಗೂ ನಡೆಯುತ್ತಿವೆ. ಅಪ್ಪನಿಗೆ ಕುಟುಂಬವನ್ನು ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್ ಆದರೆ ತಾಯಿ ಮಕ್ಕಳು ಊರಿಗೆ, ಇಲ್ಲವೇ ಕ್ಯಾಂಪಿನ ಕ್ವಾರ್ಟರ್ಸ್‌ಗೆ. ಕುಟುಂಬದ ಜೊತೆ ಇರಬಹುದಾದ ಪೀಸ್ ಪೋಸ್ಟಿಂಗ್ ಬಂದರೆ ಮತ್ತೊಂದು ಊರು, ಮತ್ತೊಂದು ಶಾಲೆ. ಕೊಡಗು, ಬೆಳಗಾವಿಯ ಶಾಲೆಗಳಲ್ಲಿ ಇಂಥ ಮಕ್ಕಳ ಹಾಜರಿ ಕೂಗುವ ಮೇಷ್ಟ್ರುಗಳು ಐಸಾಕ್ಸ್ ಅವರ ಆ ಎರಡು ಪ್ರಬಂಧಗಳನ್ನು ಒಮ್ಮೆ ತಮ್ಮ ತರಗತಿಯಲ್ಲೂ ಬರೆಯಿಸಿ ನೋಡಬೇಕು. ಅದಕ್ಕೆ ಸರ್ಕಾರದ ಅನುದಾನವೂ ಬೇಡ, ಸಮಿತಿಯೂ ಬೇಡ.