ಮೊಣಕಾಲಿನ ಕಟ್ಟು: ಗರಡಿಯಿಂದ ಶಸ್ತ್ರಕ್ರಿಯೆಯವರೆಗೆ

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಗಿಡಮೂಲಿಕೆಗಳಿಗೆ ದೊರೆತಷ್ಟು ಗಮನ ಕೀಲುಮೂಳೆಗಳ ಚಿಕಿತ್ಸೆಗೆ ದೊರೆತಿಲ್ಲ. ಮಲ್ಲೇಶ್ವರಕ್ಕೆ ಹೊಂದಿಕೊಂಡಿರುವ ಶ್ರೀರಾಂಪುರದಂತಹ ಶ್ರಮಜೀವಿಗಳ ಬಡಾವಣೆಗಳಲ್ಲಿ ಕುಸ್ತಿ, ಕಬಡ್ಡಿಯಾಡಿ ಕಾಲು ಹೊರಳಿದವರು ಗರಡಿಯ ಉಸ್ತಾದರನ್ನೋ ‘ಪುತ್ತೂರು ಕಟ್ಟು’ ಹಾಕುವವರನ್ನೋ ಆಶ್ರಯಿಸುವುದು ವಾಡಿಕೆ. ಎಣ್ಣೆ ಹಚ್ಚಿ ನೀವುವುದು, ದಬ್ಬೆಯಿಟ್ಟು ಬಿಗಿಯುವುದು ಈ ಪರಂಪರೆಯ ಕ್ರಮ. ಮೂಳೆ ಕೂಡಬೇಕಾದರೆ ಅದು ಅಲುಗಬಾರದೆಂಬ ಅನುಭವಜ್ಞಾನ ಇದರ ಹಿಂದಿದೆ.

ಮೊಣಕಾಲಿನ ಅಪಾಯವನ್ನು ಪ್ರಾಚೀನರೂ ಅರಿತಿದ್ದರು. ಸುಶ್ರುತ ಸಂಹಿತೆಯು ಎಣಿಸುವ 107 ಮರ್ಮಗಳಲ್ಲಿ ‘ಜಾನು’ವೂ ಒಂದು, ಅದಕ್ಕೆ ಪೆಟ್ಟಾದರೆ ಕುಂಟುತನ ಉಂಟಾಗುವುದೆಂದು ಅದು ಹೇಳುತ್ತದೆ.

ಇಲ್ಲಿ ಆಡುಮಾತಿನ ಒಂದು ಪದ ಗಮನಾರ್ಹ. ರಕ್ತನಾಳ, ಸ್ನಾಯುವಿನ ತುದಿಯ ರಜ್ಜು, ಮೂಳೆಗಳನ್ನು ಬಂಧಿಸುವ ಅಸ್ಥಿರಜ್ಜು, ಎಲ್ಲವನ್ನೂ ಜನ ‘ನರ’ ಎಂದೇ ಕರೆಯುತ್ತಾರೆ. ಹೊರಳಿದ ನರವೂ ಹರಿದ ನರವೂ ಒಂದೇ ಉಪಚಾರಕ್ಕೆ ಒಳಗಾಗುವುದು ಇದರಿಂದಲೇ. ಮೊಣಕಾಲಿನೊಳಗೆ ಕತ್ತರಿಯಂತೆ ಅಡ್ಡಹಾಯ್ದಿರುವ ಎರಡು ಅಸ್ಥಿರಜ್ಜುಗಳಲ್ಲಿ ಮುಂದಿನದು ಪೂರ್ಣವಾಗಿ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡದು. ಕೀಲಿನ ದ್ರವದಲ್ಲಿ ತುದಿಗಳನ್ನು ಬೆಸೆಯಬಲ್ಲ ಹೆಪ್ಪುರಕ್ತ ನಿಲ್ಲುವುದಿಲ್ಲ. ಕೆಲವು ವಾರಗಳಲ್ಲಿ ಬಾವು ಇಳಿಯುತ್ತದೆ, ನಡಿಗೆ ಮರಳುತ್ತದೆ. ಕೀರ್ತಿ ಕಟ್ಟಿಗೆ ಸಲ್ಲುತ್ತದೆ. ಮತ್ತೆ ಅಖಾಡಕ್ಕಿಳಿದು ಮೈ ತಿರುಗಿಸಿದಾಗ ಮೊಣಕಾಲು ಕೈಕೊಡುತ್ತದೆ. ಹೀಗೆ ಜಾರಿದಾಗಲೆಲ್ಲ ಕೀಲಿನ ಮೃದ್ವಸ್ಥಿಯೂ ಸವೆಯುವ ಅಪಾಯವಿದೆ.

ಪಾಶ್ಚಾತ್ಯ ಶಸ್ತ್ರವೈದ್ಯವೂ ಮೊದಲು ಕೂಡಿಸುವ ಹಾದಿಯನ್ನೇ ಹಿಡಿಯಿತು. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೋ ರಾಬ್ಸನ್ ಗಣಿ ಕಾರ್ಮಿಕನೊಬ್ಬನ ಹರಿದ ರಜ್ಜುಗಳನ್ನು ಹೊಲಿದನು. ಆದರೆ ಹೊಲಿಗೆ ಮಾತ್ರದಿಂದ ದೊರೆಯುವ ಫಲ ನಂಬಲರ್ಹವಲ್ಲವೆಂಬುದು ಕ್ರಮೇಣ ತಿಳಿಯಿತು. 1917ರಲ್ಲಿ ಬ್ರಿಸ್ಟಲ್‌ನ ಹೇ ಗ್ರೋವ್ಸ್ ತೊಡೆಯ ಹೊರಬದಿಯ ತಂತುಪಟ್ಟಿಯನ್ನು ಮೂಳೆಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಿ ಹೊಸ ರಜ್ಜುವನ್ನೇ ರಚಿಸಿದನು. 1963ರಲ್ಲಿ ಅಮೆರಿಕದ ಕೆನೆತ್ ಜೋನ್ಸ್ ಮೊಣಚಿಪ್ಪಿನ ರಜ್ಜುವಿನ ನಡುಭಾಗವನ್ನು ಬಳಸಿದನು. ಟೋಕಿಯೊದ ವತನಬೆ ಬೆಳೆಸಿದ ಆರ್ಥ್ರೋಸ್ಕೋಪ್‌ನಿಂದ, ಕೀಲನ್ನು ಅಗಲವಾಗಿ ತೆರೆಯದೆ ಸಣ್ಣ ರಂಧ್ರಗಳ ಮೂಲಕವೇ ಈ ಕಾರ್ಯ ಮುಂದೆ ಸಾಧ್ಯವಾಯಿತು. 1980ರ ದಶಕದ ಕೃತಕ ರಜ್ಜುಗಳು ಬಹುಪಾಲು ಸವೆದು ಸೋತವು. ಇಂದು ರೋಗಿಯ ತೊಡೆಯ ಹಿಂಬದಿಯ ರಜ್ಜುಗಳನ್ನು ಮಡಿಚಿ, ಸುರಂಗದಲ್ಲಿ ಸ್ಕ್ರೂ ಅಥವಾ ಲೋಹದ ಗುಂಡಿಯಿಂದ ಬಿಗಿಯುವ ವಿಧಾನ ಬಹಳವಾಗಿ ಬಳಕೆಯಲ್ಲಿದೆ.

ಈ ಚರಿತ್ರೆಯ ಸಾರ ಇಷ್ಟು: ಹರಿದುದನ್ನು ಕೂಡಿಸುವ ಬದಲು, ಅದೇ ದೇಹದ ಮತ್ತೊಂದು ನಾರಿನಿಂದ ಹೊಸದನ್ನು ಕಟ್ಟುವುದು. ಆ ನಾರಿಗೆ ರಕ್ತಸಂಚಾರ ಒದಗಿ ಅದು ರಜ್ಜುವಾಗಿ ಮಾರ್ಪಡಲು ಕಾಲ ಬೇಕು. ಮೊದಲ ತಿಂಗಳುಗಳಲ್ಲಿ ಅದು ದುರ್ಬಲವಾಗಿರುವುದರಿಂದ ಒಂಬತ್ತು ತಿಂಗಳಿಗೆ ಮುಂಚೆ ಕಣಕ್ಕೆ ಮರಳುವುದು ಹಿತವಲ್ಲ. ಎಲ್ಲರಿಗೂ ಶಸ್ತ್ರಕ್ರಿಯೆ ಬೇಕೆಂದೇನೂ ಇಲ್ಲ. ತಿರುವು-ಜಿಗಿತಗಳಿಲ್ಲದ ಬದುಕಿನ ಹಲವರಿಗೆ ಕ್ರಮಬದ್ಧ ವ್ಯಾಯಾಮವೇ ಸಾಕಾಗಬಹುದು.

ಪರಂಪರೆಯನ್ನು ಗೌರವಿಸುವುದೆಂದರೆ ಅದರ ಮಿತಿಯನ್ನು ಮರೆಮಾಚುವುದಲ್ಲ. ದಿನಗೂಲಿಯ ಯುವಕನಿಗೆ ಮೊಣಕಾಲೇ ಬಂಡವಾಳ. ‘ನರ ಹೊರಳಿದೆ’ ಎಂಬ ಮಾತಿನಲ್ಲೇ ಅವನ ವರ್ಷಗಳು ಕಳೆದುಹೋಗಬಾರದು. ಗರಡಿಗಳ ಉಪಚಾರ ಪದ್ಧತಿಗಳನ್ನು ದಾಖಲಿಸುವ ಜಾನಪದ ವಿದ್ವಾಂಸರು, ಯಾವ ಪೆಟ್ಟಿಗೆ ಕಟ್ಟು ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ವೈದ್ಯರೊಡನೆ ಕುಳಿತು ಗುರುತಿಸಬೇಕಾದುದು ಇಂದಿನ ಅಗತ್ಯವಾಗಿದೆ.